ರಜೆಗೆ ಗೋಕರ್ಣಕ್ಕೆ ಬರುವವರಿಗೆ, ತದಡಿ ಕಡೆಯಿಂದ ಒಂದು ಪತ್ರ

ವಾರಾಂತ್ಯಕ್ಕೆ, ಹಬ್ಬದ ಉದ್ದ ರಜೆಗೆ ಗೋಕರ್ಣಕ್ಕೆ ಬರುವ ಪ್ರೀತಿಯ ತಮ್ಮ–ತಂಗಿಯರೇ,

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿ ಬರುತ್ತೀರಿ. ಹುಬ್ಬಳ್ಳಿಯಿಂದ ಕೋಳಿ ಕೂಗುವ ಹೊತ್ತಿಗೆ ಹೊರಟು ಅರಬೈಲು ಘಟ್ಟ ಇಳಿದು ಬರುತ್ತೀರಿ. ಇನ್ನು ಕೆಲವರು ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ರೈಲು ಇಳಿದು ರಿಕ್ಷಾ ಹಿಡಿಯುತ್ತೀರಿ. ಮಹಾಬಲೇಶ್ವರನ ದರ್ಶನ, ಕುಡ್ಲೆ, ಓಂ ಬೀಚು, ಧೈರ್ಯವಿದ್ದವರಿಗೆ ಗುಡ್ಡ ದಾಟಿ ಹಾಫ್ ಮೂನ್, ಪ್ಯಾರಡೈಸ್. ಭಾನುವಾರ ರಾತ್ರಿ ವಾಪಸ್ಸು. ಇದರಲ್ಲಿ ತಪ್ಪೇನೂ ಇಲ್ಲ. ಸಮುದ್ರ ನೋಡುವ ಆಸೆ ಯಾರಿಗಿಲ್ಲ? ವಾರವಿಡೀ ಪರದೆಯ ಮುಂದೆ ಕೂತ ಕಣ್ಣಿಗೆ ನೀರಿನ ಬಯಲು ಬೇಕೇ ಬೇಕು.

ನಿಮ್ಮ ರಜೆಯ ಒಂದು ದಿನವನ್ನು ನಮ್ಮ ಕಡೆಗೆ ಕೊಡಿ ಎಂದು ಕೇಳುವುದಕ್ಕೆ ಈ ಪತ್ರ. ಬಂದಾಗ ನಮ್ಮ ಕೆಲವು ಮಾತು ನಡೆಸಿಕೊಡಿ ಎಂದು ಕೇಳುವುದಕ್ಕೂ ಇದೇ ಪತ್ರ. ಎರಡನ್ನೂ ಒಟ್ಟಿಗೇ ಹೇಳಬೇಕಾಗಿದೆ. ಏಕೆಂದರೆ ಓಂ ಬೀಚಿನಲ್ಲಿ ಕಾಲಿಡಲು ಜಾಗ ಸಾಲದೆ ನಿಮ್ಮಲ್ಲಿ ಹಲವರು ಈಗಾಗಲೇ ಈ ಕಡೆ ಬರತೊಡಗಿದ್ದೀರಿ. ‘ಯಾರಿಗೂ ಗೊತ್ತಿಲ್ಲದ ಜಾಗ’ ಎಂದು ಮೊಬೈಲಿನಲ್ಲಿ ಬರೆದು, ನಮ್ಮೂರಿನ ಚಿತ್ರ ಹಾಕಿದ್ದನ್ನು ನಾನೇ ಕಂಡಿದ್ದೇನೆ. ನಾನು ಹುಟ್ಟಿದ್ದು, ಶಾಲೆಯಲ್ಲಿ ಕಲಿಸಿದ್ದು, ಈಗ ವಿಶ್ರಾಂತಿಯಲ್ಲಿರುವುದು ಎಲ್ಲವೂ ಇಲ್ಲಿನ ಅಘನಾಶಿನಿ ಹೊಳೆಯ ದಡದಲ್ಲೇ.

ಗೋಕರ್ಣದ ಪೇಟೆ ಬಿಟ್ಟು ತದಡಿಯ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ಕಾಟೇಜುಗಳ ಬೋರ್ಡುಗಳು ಮುಗಿಯುತ್ತವೆ. ಅಲ್ಲಿಂದ ಮುಂದೆ ಸಾಣಿಕಟ್ಟಾ. ಕಣ್ಣು ಹಾಯುವಷ್ಟು ದೂರ ಉಪ್ಪಿನ ಆಗರ, ಚೌಕ ಚೌಕವಾಗಿ ಕಟ್ಟಿದ ಮಡಿಗಳು. ಭರತದ ಹೊತ್ತಿಗೆ ಹಿನ್ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ, ಬಿಸಿಲಿಗೆ ನೀರನ್ನು ಗಟ್ಟಿ ಮಾಡುತ್ತ ಹೋಗುತ್ತಾರೆ. ಕೊನೆಯ ಮಡಿಯಲ್ಲಿ ಹರಳು ಕಟ್ಟಿದ ಮೇಲೆ ಉದ್ದ ಹಿಡಿಯ ಹಲಗೆಯಿಂದ ಬಾಚಿ ಬದುವಿಗೆ ಎಳೆಯುತ್ತಾರೆ. ಮಳೆಗಾಲ ಮುಗಿದೊಡನೆ ಮಡಿಯ ನೆಲವನ್ನು ಕಾಲಿನಿಂದ ತುಳಿದು ತುಳಿದು ಹದ ಮಾಡಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಉಪ್ಪು ಬೀಳುವುದು ಬೇಸಿಗೆಯಲ್ಲಿ. ನಡುವೆ ಒಂದು ಅಕಾಲದ ಮಳೆ ಸುರಿದರೆ ಆವರೆಗಿನ ದುಡಿಮೆ ಕಣ್ಣೆದುರೇ ಕರಗುತ್ತದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದ ಕಥೆಯನ್ನು ನೀವು ಶಾಲೆಯಲ್ಲಿ ಓದಿರಬೇಕು. ಆ ಕರಾವಳಿಯಲ್ಲಿ ಇಂದಿಗೂ ಉಪ್ಪು ಕೈಯಿಂದ, ಬಿಸಿಲಿನಿಂದ ಆಗುತ್ತಿರುವುದು ಇಲ್ಲಿ. ತುಸು ಕಂದು ಬಣ್ಣದ ಈ ದಪ್ಪ ಹರಳು ಇಲ್ಲದೆ ನಮ್ಮಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಹಾಕುವ ಹೆಂಗಸರಿಗೆ ಸಮಾಧಾನವಿಲ್ಲ.

ಬನ್ನಿ, ನೋಡಿ. ಬೆಳಿಗ್ಗೆ ಬೇಗ ಬನ್ನಿ ಅಥವಾ ಬಿಸಿಲು ಇಳಿದ ಮೇಲೆ. ಕೆಲಸದವರು ಇರುವುದೂ ಆ ಹೊತ್ತಿಗೇ. ಒಳಗೆ ಹೋಗುವ ಮುಂಚೆ ಅಲ್ಲಿದ್ದವರನ್ನು ಕೇಳಿ. ಮಡಿಯೊಳಗೆ ಮಾತ್ರ ಇಳಿಯಬೇಡಿ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದ ಒಂದು ಜೋಡಿ, ನೀರಿನಲ್ಲಿ ಆಕಾಶ ಚೆನ್ನಾಗಿ ಕಾಣುತ್ತದೆಂದು, ಬೂಟುಗಾಲಿನಲ್ಲಿ ಹರಳು ಕಟ್ಟುತ್ತಿದ್ದ ಮಡಿಗೇ ಇಳಿದದ್ದನ್ನು ನೋಡಿದ್ದೇನೆ. ಅವರಿಗೆ ಅದು ಕನ್ನಡಿ. ಬದುವಿನ ಮೇಲೆ ನಿಂತಿದ್ದ ಮುದುಕನಿಗೆ ಅದು ನಾಳೆ ತೂಕಕ್ಕೆ ಹೋಗಬೇಕಾದ ಉಪ್ಪು.

ಹಿನ್ನೀರಿನ ಅಂಚಿಗೇ ಮೇಲಕ್ಕೆ ಹೋದರೆ, ಮಾಣಿಕಟ್ಟಾದ ಕಡೆ, ಗಜನಿ ಭೂಮಿ. ಹೊರಗಿನಿಂದ ಬಂದವರ ಕಣ್ಣಿಗೆ ಅದು ಒಂದು ಕಾಲದಲ್ಲಿ ಗದ್ದೆ, ಇನ್ನೊಂದು ಕಾಲದಲ್ಲಿ ಕೆರೆ. ಎರಡೂ ನಿಜ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಅಲ್ಲಿ ಕಗ್ಗ ಬಿತ್ತುತ್ತಾರೆ. ಕಗ್ಗ ಎಂಬ ಈ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಗೊಬ್ಬರ ಕೇಳುವುದಿಲ್ಲ, ಔಷಧ ಕೇಳುವುದಿಲ್ಲ. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ದಂಟನ್ನು ನೀರಿಗೇ ಬಿಡುತ್ತಾರೆ. ಅದು ಕೊಳೆತು ಶೆಟ್ಲಿಗೆ, ಅಂದರೆ ಸೀಗಡಿಗೆ, ಮೀನಿನ ಮರಿಗೆ ಮೇವಾಗುತ್ತದೆ. ಕೊಯ್ಲಾದ ಮೇಲೆ ಗಜನಿಯ ಮಣ್ಣಿನ ಕಟ್ಟಿನ ಬಾಗಿಲು ತೆಗೆದರೆ ಭರತದ ನೀರಿನೊಂದಿಗೆ ಶೆಟ್ಲಿ ಒಳಗೆ ಬರುತ್ತದೆ, ಅದರ ಬೆನ್ನಿಗೆ ಹಕ್ಕಿಗಳು ಬರುತ್ತವೆ. ಚಳಿಗಾಲದಲ್ಲಿ ದೂರ ದೇಶದ ಹಕ್ಕಿಗಳೂ ಇಳಿಯುತ್ತವೆ. ಒಂದೇ ನೆಲ ಅಕ್ಕಿಯನ್ನೂ ಮೀನನ್ನೂ ಕೊಡುತ್ತದೆ. ಅದೆಲ್ಲ ನಿಂತಿರುವುದು ಆ ಮಣ್ಣಿನ ಕಟ್ಟಿನ ಮೇಲೆ. ಕಟ್ಟು ಒಂದು ಕಡೆ ಒಡೆದರೆ ಅದರ ಹಿಂದಿರುವ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ಆದ್ದರಿಂದ ಬೈಕನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಿ. ಕಟ್ಟಿನ ಮೇಲೆ ನಡೆದು ಹೋಗಿ, ಓಡಿಸಿಕೊಂಡು ಹೋಗಬೇಡಿ.

ತದಡಿಯ ಧಕ್ಕೆಗೆ ಬಂದರೆ ಗದ್ದಲವಿದೆ. ಅದು ಮೀನಿನ ಗದ್ದಲ. ಬೋಟುಗಳು ಬಂದ ಹೊತ್ತಿಗೆ ಹರಾಜು, ಐಸು, ಬುಟ್ಟಿ, ಬೈಗುಳ, ನಗು ಎಲ್ಲವೂ ಒಟ್ಟಿಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಧಕ್ಕೆ ತಣ್ಣಗಿರುತ್ತದೆ. ಆ ಕಾಲದಲ್ಲಿ ಬಂದು ತಾಜಾ ಅಂಜಲ್ ಬೇಕೆಂದು ಹಠ ಹಿಡಿಯಬೇಡಿ. ಹೊಳೆಮೀನು ಇದ್ದರೆ ತಿನ್ನಿ, ಇಲ್ಲದಿದ್ದರೆ ಒಣಮೀನಿನ ಚಟ್ನಿ, ಕೊಚ್ಚಕ್ಕಿ ಗಂಜಿ ತಿನ್ನಿ. ಮಳೆಗಾಲದಲ್ಲಿ ನಾವು ತಿನ್ನುವುದೂ ಅದನ್ನೇ.

ಧಕ್ಕೆಯಿಂದ ತಾರಿ ದೋಣಿ ಹತ್ತಿದರೆ ಆಚೆ ದಡ ಅಘನಾಶಿನಿ. ನದಿಯ ಹೆಸರೇ ಊರಿಗೂ. ನಿಮ್ಮಲ್ಲಿ ಚಾರಣ ಮಾಡುವವರಿಗೆ ಈ ದೋಣಿ ಚೆನ್ನಾಗಿ ಗೊತ್ತು. ಕುಮಟೆಯ ಕಡಲೆ ಕಡೆಯಿಂದ ದಂಡೆಗುಂಟ ನಡೆದು ಬಂದು, ಇಲ್ಲಿ ಹೊಳೆ ದಾಟಿ, ಬೇಲೆಕಾನಿನ ಮೇಲೆ ಓಂ ಬೀಚಿಗೆ ಹೋಗುತ್ತೀರಿ. ಆ ದೋಣಿಯಲ್ಲಿ ನಾನೂ ಎಷ್ಟೋ ವರ್ಷ ಶಾಲೆಗೆ ದಾಟಿದ್ದೇನೆ. ಸೈಕಲ್ಲು, ಮೀನುಬುಟ್ಟಿ, ರೇಷನ್ ಅಕ್ಕಿಯ ಚೀಲ, ಆಸ್ಪತ್ರೆಗೆ ಹೊರಟ ಬಸುರಿ, ಮೇಲಿಂದ ಯೂನಿಫಾರ್ಮಿನ ಮಕ್ಕಳು. ಈಚೆಗೆ ಒಂದು ಬೆಳಿಗ್ಗೆ ಮೂವತ್ತು–ನಲವತ್ತು ಮಂದಿ ಚಾರಣಿಗರು ಒಮ್ಮೆಲೇ ಬಂದಿಳಿದರು. ದೋಣಿ ಎರಡು ಸಲ ಅವರನ್ನೇ ಹೊತ್ತು ದಾಟಿತು. ದಡದಲ್ಲಿ ಉಳಿದ ಮಕ್ಕಳು ಶಾಲೆ ಮುಟ್ಟಿದಾಗ ಮೊದಲ ಪಾಠ ಮುಗಿದಿತ್ತು. ಆ ಚಾರಣದ ಹುಡುಗ–ಹುಡುಗಿಯರು ಒಳ್ಳೆಯವರೇ, ಮಕ್ಕಳಿಗೆ ಚಾಕಲೇಟು ಹಂಚಿದರು. ಅದರ ಬದಲು ಒಂದು ಸರದಿ ಬಿಟ್ಟುಕೊಟ್ಟಿದ್ದರೆ ಸಾಕಿತ್ತು. ಚಾರಣ ಏರ್ಪಡಿಸುವವರಲ್ಲಿ ನನ್ನ ವಿನಂತಿ: ದೊಡ್ಡ ಗುಂಪಿದ್ದರೆ ಮೊದಲೇ ಹೇಳಿ ಬೇರೆ ದೋಣಿ ಗೊತ್ತುಮಾಡಿಕೊಳ್ಳಿ. ಶಾಲೆಯ ಹೊತ್ತು ಬಿಟ್ಟು ದಾಟಿ.

ಈಗ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ ಮಾತಿಗೆ ಬರುತ್ತೇನೆ.

ಇಳಿತದಲ್ಲಿ ಅಳಿವೆಯ ಒಳಗಿನ ಮರಳುದಿಬ್ಬಗಳು ನೀರಿನಿಂದ ಮೇಲೆ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬ ದೂರ ಇಳಿಯುವುದರಿಂದ ದಿಬ್ಬ ದೊಡ್ಡದಾಗಿ ತೆರೆದುಕೊಳ್ಳುತ್ತದೆ. ಆಗ ಊರೂರಿನ ಹೆಂಗಸರು, ಗಂಡಸರು ದೋಣಿಯಲ್ಲಿ ಬಂದು ಇಳಿದು, ಬಗ್ಗಿ, ಕುಕ್ಕರಗಾಲಿನಲ್ಲಿ ಕೂತು, ಕೆಸರು ಕೆದಕಿ ಬಳಚು ಎಂಬ ಚಿಪ್ಪುಮೀನು ಆಯುತ್ತಾರೆ. ಕಲ್ಲಿಗೆ ಅಂಟಿದ ಕಲ್ಗಾ ಚಿಪ್ಪು ಬಿಡಿಸುತ್ತಾರೆ. ನೀವು ಹೋಟೆಲಿನಲ್ಲಿ ತಿನ್ನುವ ಚಿಪ್ಪಿನ ಸುಕ್ಕಾ ಅಲ್ಲಿಂದ ಬಂದದ್ದು. ಈ ಕೆಲಸಕ್ಕೆ ಬಂಡವಾಳ ಬೇಡ, ಬೋಟು ಬೇಡ, ಯಾರ ಒಪ್ಪಿಗೆಯೂ ಬೇಡ; ಹೊತ್ತು ಗೊತ್ತಿದ್ದರೆ ಆಯಿತು. ಗಂಡ ಕುಡಿದು ದುಡ್ಡು ಕಳೆದ ಮನೆಯ ಹೆಂಗಸು, ವಿಧವೆ, ಮಗಳ ಕಾಲೇಜು ಫೀಸು ಹೊಂದಿಸುವ ತಾಯಿ ಎಲ್ಲರಿಗೂ ಈ ದಿಬ್ಬ ಆಸರೆ. ಹಾಗೆ ಬಂದ ಹಣದಲ್ಲಿ ಓದಿದ ಮಕ್ಕಳು ನನ್ನ ತರಗತಿಯಲ್ಲಿ ಇದ್ದರು. ಕೆಲವರು ಇಂದು ನಿಮ್ಮ ಪಕ್ಕದ ಮೇಜಿನಲ್ಲೇ ಕೆಲಸ ಮಾಡುತ್ತಿರಬಹುದು.

ಅವರು ಆಯುವುದು ಬರಿಗಾಲಿನಲ್ಲಿ. ಕೆಸರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ, ಅದೂ ಅಲ್ಲದೆ ಚಿಪ್ಪು ಎಲ್ಲಿದೆಯೆಂದು ಕಾಲಿಗೇ ಮೊದಲು ಗೊತ್ತಾಗುವುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿಗೆ ಹೀಗೆ ಆಯುವಾಗ ಕಾಲಡಿಯಲ್ಲಿ ಒಡೆದ ಬಿಯರ್ ಬಾಟಲಿ ಸಿಕ್ಕಿತು. ಹಿಮ್ಮಡಿ ಸೀಳಿತು. ಹೊಲಿಗೆ ಬಿತ್ತು. ಗಾಯಕ್ಕೆ ಉಪ್ಪುನೀರು ತಾಗಬಾರದು ಎಂದ ಮೇಲೆ ಅವರಿಗೆ ಬೇರೆ ಕೆಲಸವೆಲ್ಲಿದೆ? ಒಂದು ಅಮಾವಾಸ್ಯೆ ಹೋಯಿತು, ಒಂದು ಹುಣ್ಣಿಮೆ ಹೋಯಿತು, ನೀರು ಇಳಿದ ದಿನಗಳಲ್ಲೆಲ್ಲ ಅವರು ಜಗುಲಿಯ ಮೇಲೆ ಕೂತಿದ್ದರು. ನೋಡಲು ಹೋದಾಗ ಯಾರನ್ನೂ ಬೈಯಲಿಲ್ಲ. “ಇಲ್ಲೆಲ್ಲ ಯಾರೂ ಕಾಲಿಡೂದಿಲ್ಲ ಅಂತ ಅವ್ರಿಗೆ ಅನ್ಸಿರ್ಬೇಕು ಅಕ್ಕೋರೆ” ಎಂದರು, ಅಷ್ಟೇ.

ಬಾಟಲಿ ನಿಮ್ಮದೇ ಎಂದು ನಾನು ಹೇಳಲಾರೆ. ನಮ್ಮೂರ ಹುಡುಗರದೂ ಇರಬಹುದು. ಆದರೆ ಆಕೆ ಹೇಳಿದ ಮಾತು ನಿಮ್ಮೆಲ್ಲರಿಗೂ ಮುಟ್ಟಬೇಕು. ಸದ್ದಿಲ್ಲದ ಕಡಲತೀರ ಕಂಡೊಡನೆ ಅದು ಖಾಲಿ ಎಂದುಕೊಳ್ಳುತ್ತೇವೆ. ಇಲ್ಲಿ ಒಂದು ಅಂಗುಲವೂ ಖಾಲಿಯಿಲ್ಲ. ದಿಬ್ಬಕ್ಕೆ ಹೊತ್ತಿದೆ, ಮಡಿಗೆ ಮಾಲೀಕನಿದ್ದಾನೆ, ಕಾಂಡ್ಲಾ ಗಿಡಗಳ ಬೇರಿನಲ್ಲಿ ಏಡಿ ಹಿಡಿಯುವವರಿದ್ದಾರೆ, ಮರಳಿನ ಮೇಲೆ ಬಲೆ ಒಣಗಿಸುವ ಜಾಗ ಯಾರದೆಂದು ಅಜ್ಜನ ಕಾಲದಿಂದ ಗೊತ್ತಿದೆ. ದುಡಿಯುವವರು ಮಾತಾಡದೆ ದುಡಿಯುತ್ತಾರೆ, ಅದಕ್ಕೇ ಇಲ್ಲಿ ಸದ್ದು ಕಡಿಮೆ.

ಖಾಲಿ ಎಂದುಕೊಂಡವರಲ್ಲಿ ನೀವು ಮೊದಲಿಗರಲ್ಲ. 2000ದ ದಶಕದಲ್ಲಿ ಇದೇ ತದಡಿಗೆ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುವ ಯೋಜನೆ ಬಂತು. ನಕ್ಷೆ ಹಾಕಿದವರ ಕಣ್ಣಿಗೆ ಇಲ್ಲಿ ಕಂಡದ್ದು ಬರೀ ಜೌಗು ನೆಲ. ಬಳಚು ಆಯುವವರು, ಗಜನಿಯವರು, ಮೀನುಗಾರರು, ಘಟ್ಟದ ಮೇಲಿನ ತೋಟದವರು ಒಟ್ಟಾಗಿ ಬೇಡವೆಂದರು. ವಿಜ್ಞಾನಿಗಳು ಬಂದು ಈ ಅಳಿವೆಯ ಲೆಕ್ಕ ಬರೆದರು, ಎಷ್ಟು ಕುಟುಂಬಗಳ ಅನ್ನ ಇದರಲ್ಲಿದೆ ಎಂದು ತೋರಿಸಿದರು. ಸ್ಥಾವರ ಬರಲಿಲ್ಲ. ಆಮೇಲೆ ದೊಡ್ಡ ಬಂದರಿನ ಮಾತು ಬಂತು, ಅದಕ್ಕೂ ಜನ ಎದ್ದು ನಿಂತರು. ಶಿರಸಿಯ ಕಡೆ ಹುಟ್ಟಿ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಈ ನದಿಯ ಅಳಿವೆ 2024ರ ಜನವರಿಯಲ್ಲಿ ರಾಮ್‌ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, 4801 ಹೆಕ್ಟೇರ್. ಈಗ ಮತ್ತೆ ಇದರ ನೀರನ್ನು ವೇದಾವತಿ ನದಿಗೆ ತಿರುಗಿಸುವ ಯೋಜನೆಯ ಮಾತು ನಡೆದಿದೆ. ಸಿಹಿನೀರು ಕಡಿಮೆಯಾದರೆ ಅಳಿವೆಯಲ್ಲಿ ಉಪ್ಪು–ಸಿಹಿಯ ಹದ ಕೆಡುತ್ತದೆ. ಹದ ಕೆಟ್ಟರೆ ಬಳಚಿಲ್ಲ, ಕಗ್ಗವಿಲ್ಲ. ನಿಮಗೆ ಇದನ್ನೆಲ್ಲ ಹೇಳುವುದೇಕೆಂದರೆ, ನೀವು ಹುಡುಕಿಕೊಂಡು ಬರುವ ಶಾಂತಿ ತಾನಾಗಿ ಉಳಿದದ್ದಲ್ಲ. ಜನ ಸಭೆ ಸೇರಿ, ಅರ್ಜಿ ಬರೆದು, ದುಡಿಮೆ ಬಿಟ್ಟು ಧರಣಿ ಕೂತು ಉಳಿಸಿಕೊಂಡದ್ದು.

ಒಂದು ಎಚ್ಚರಿಕೆಯ ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಕಡೆಯ ದಂಡೆಗಳಲ್ಲಿ ಸೀಟಿ ಊದಿ ಕರೆಯುವ ಜೀವರಕ್ಷಕರಿಲ್ಲ. ಅಳಿವೆಯ ಬಾಯಲ್ಲಿ ಹೊಳೆ ಹೊರಕ್ಕೆ ಎಳೆಯುತ್ತದೆ, ಸಮುದ್ರ ಒಳಕ್ಕೆ ನೂಕುತ್ತದೆ. ಮೇಲೆ ಕನ್ನಡಿಯಂತಿದ್ದರೂ ಕೆಳಗೆ ಸೆಳೆತವಿರುತ್ತದೆ. ಇಲ್ಲೇ ಹುಟ್ಟಿ ಬೆಳೆದ ಮೀನುಗಾರನೂ ಅಲ್ಲಿ ಈಜಲು ಇಳಿಯುವುದಿಲ್ಲ. ನೀವೂ ಇಳಿಯಬೇಡಿ. ಮಳೆಗಾಲದಲ್ಲಂತೂ ಕಾಲು ತೊಳೆಯುವುದಕ್ಕೂ ಬೇಡ. ಊರಿನವರು ‘ಹೋಗಬೇಡಿ’ ಎಂದರೆ ಅದನ್ನು ಹಳ್ಳಿಯವರ ಅಂಜಿಕೆ ಎಂದು ತಳ್ಳಿಹಾಕಬೇಡಿ. ಎಳೆಯ ಹೆಣ ದಡಕ್ಕೆ ಬರುವುದನ್ನು ಕಾಯುತ್ತ ನಿಂತ ತಾಯಿ–ತಂದೆಯರನ್ನು ಈ ಕರಾವಳಿ ಸಾಕಷ್ಟು ನೋಡಿದೆ.

ಚಳಿಗಾಲದಲ್ಲಿ ಈ ಕರಾವಳಿಯ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ರಾತ್ರಿ ಬರುತ್ತವೆ. ಬೆಳಕು, ಬೆಂಕಿ ಕಂಡರೆ, ಹಾಡು ಕೇಳಿದರೆ ತಿರುಗಿ ಹೋಗುತ್ತವೆ. ಆದ್ದರಿಂದ ದಂಡೆಯಲ್ಲಿ ಟೆಂಟು ಹಾಕಿ ಬೆಂಕಿ ಉರಿಸುವುದು ಬೇಡ. ಸ್ಪೀಕರನ್ನು ದಯವಿಟ್ಟು ಕೋಣೆಯಲ್ಲೇ ಬಿಟ್ಟು ಬನ್ನಿ. ನಮ್ಮಲ್ಲಿ ನಸುಕಿಗೆ ಬೋಟು ಹತ್ತುವವರು ಸಂಜೆಗೇ ಮಲಗುತ್ತಾರೆ.

ಹಾಲಕ್ಕಿ ಒಕ್ಕಲಿಗರ ಕೇರಿಗಳೂ ದಾರಿಯಲ್ಲಿ ಸಿಗುತ್ತವೆ. ಗೋಕರ್ಣದ ಪೇಟೆಯಲ್ಲಿ ನೀವು ಕೊಳ್ಳುವ ಸೊಪ್ಪು, ಬದನೆ, ಗೆಣಸು ಹೆಚ್ಚಾಗಿ ಅವರು ಬೆಳೆದದ್ದು. ಕೊರಳ ತುಂಬ ಕರಿಮಣಿ ಹಾಕಿದ ಅಜ್ಜಿ ಕಂಡೊಡನೆ ಕ್ಯಾಮೆರಾ ಎತ್ತಬೇಡಿ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಇದೇ ಸಮುದಾಯದವರು. ನೂರಾರು ಹಾಡು ಬಾಯಲ್ಲಿದ್ದವರು, ಊರಿನ ಸಾರಾಯಿಯ ವಿರುದ್ಧ ಹೋರಾಡಿದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಕಳೆದುಕೊಂಡೆವು ಅವರನ್ನು, 2025ರ ಫೆಬ್ರವರಿಯಲ್ಲಿ. ಗಿಡಮರಗಳ ವಿಷಯದಲ್ಲಿ ಅರಣ್ಯ ಇಲಾಖೆಗೇ ಪಾಠ ಹೇಳಬಲ್ಲವರಾಗಿದ್ದ ಹೊನ್ನಳ್ಳಿಯ ತುಳಸಿ ಗೌಡರೂ ಇದೇ ಸಮುದಾಯದವರು. ನಿಮ್ಮ ಎದುರಿಗಿರುವ ಅಜ್ಜಿಯಲ್ಲಿ ಯಾವ ವಿದ್ಯೆ ಇದೆಯೋ ನಿಮಗೆ ತಿಳಿಯದು. ಮೊದಲು “ಅಮ್ಮಾ, ಆರಾಮಾ?” ಎಂದು ಮಾತಾಡಿಸಿ. ತರಕಾರಿ ಕೊಳ್ಳಿ. ಅವರಾಗಿ ನಕ್ಕರೆ, ಕೇಳಿ ಫೋಟೊ ತೆಗೆಯಿರಿ. ಬೇಡವೆಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ಓದುವ ಹುಡುಗರು ಕೆಲವರು ಪುಸ್ತಕ ಕೈಯಲ್ಲಿ ಹಿಡಿದು ಬರುತ್ತಾರೆ. ಅವರನ್ನು ಕಂಡರೆ ನನಗೆ ಹೆಚ್ಚು ಪ್ರೀತಿ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಗೋಕರ್ಣದಿಂದ ಗಂಗಾವಳಿಯ ಕಡೆ ಹೋದರೆ ಬಂಕಿಕೊಡ್ಲ, ಹನೇಹಳ್ಳಿ. ಸಾಹಿತಿ ಗೌರೀಶ ಕಾಯ್ಕಿಣಿಯವರು ಮೇಷ್ಟರಾಗಿದ್ದದ್ದು ಬಂಕಿಕೊಡ್ಲದ ಹೈಸ್ಕೂಲಿನಲ್ಲಿ. ಕಥೆಗಾರ ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ್ದು ಹನೇಹಳ್ಳಿಯಲ್ಲಿ. ಬದುಕಿನ ಬಹುಭಾಗ ಮುಂಬಯಿಯಲ್ಲಿದ್ದುಕೊಂಡು ಬರೆದದ್ದು ಮತ್ತೆ ಮತ್ತೆ ಈ ಊರನ್ನೇ. ಅವರ ಕಥೆಗಳ ಹಿತ್ತಿಲು, ಬೇಣ, ಹೊಳೆಸಾಲು ಹುಡುಕಿಕೊಂಡು ಬರುವುದು ಒಳ್ಳೆಯ ಪ್ರವಾಸ. ಆ ದಾರಿಯನ್ನು ಕಾರಿನಲ್ಲಿ ಹಾಯ್ದು ಹೋದರೆ ಏನೂ ಕಾಣುವುದಿಲ್ಲ, ನಡೆಯಬೇಕು. ಆದರೆ ಮನೆಗಳು ಮನೆಗಳೇ, ಸ್ಮಾರಕಗಳಲ್ಲ. ಅಂಗಳ ಹೊಕ್ಕು ಇಣುಕಬೇಡಿ. ದಣಪೆಯ ಹೊರಗೆ ನಿಂತು ಕೂಗಿ ಕೇಳಿ. ಒಳಗಿನಿಂದ ‘ಬನ್ನಿ, ಆಸರಿಗೆ ಏನು ಕುಡೀತೀರಿ?’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ನೀರು–ಬೆಲ್ಲ ಕೊಟ್ಟರೆ ತೆಗೆದುಕೊಳ್ಳಿ. ಅದಕ್ಕೆ ಹಣ ಕೊಡಲು ಹೋಗಬೇಡಿ, ನೋಯುತ್ತಾರೆ.

ಹಣ ಕೊಡುವ ಜಾಗಗಳು ಬೇರೆ ಇವೆ. ರಸ್ತೆ ಬದಿಯ ಗೂಡಂಗಡಿಯಲ್ಲಿ ಚಹಾ, ಬನ್ಸ್ ತಿನ್ನಿ. ಊಟಕ್ಕೆ ಬೆಳಿಗ್ಗೆಯೇ ಹೇಳಿದರೆ ಮೀನುಸಾರು ಮಾಡಿ ಬಡಿಸುವ ಮನೆಗಳಿವೆ. ಸಾಣಿಕಟ್ಟಾದ ಒಂದು ಪೊಟ್ಟಣ ಉಪ್ಪು, ಸಿಕ್ಕರೆ ಒಂದೆರಡು ಸೇರು ಕಗ್ಗದ ಅಕ್ಕಿ, ಕುಮಟೆಯ ದಾರಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಕೊಳ್ಳಿ. ಚೌಕಾಸಿ ಬೇಡ. ದೊಡ್ಡ ಹೋಟೆಲಿನಲ್ಲಿ ಬಿಲ್ಲು ನೋಡದೆ ಕೊಟ್ಟು ಬಂದು, ಬುಟ್ಟಿಯವಳ ಹತ್ತಿರ ಐದು ರೂಪಾಯಿಗೆ ಜಗ್ಗಾಡುವುದನ್ನು ನೋಡಿದಾಗ ನನಗೆ ಬಹಳ ಬೇಸರವಾಗುತ್ತದೆ.

ನಿಮ್ಮ ವಯಸ್ಸಿನ ಮಕ್ಕಳಿಗೆ ಜಾಗ ತೋರಿಸುವ ಹುಮ್ಮಸ್ಸು ಸಹಜ. ನಮ್ಮೂರಿನ ಬಗ್ಗೆ ಬರೆಯಿರಿ, ಗೆಳೆಯರಿಗೆ ಹೇಳಿ. ಉಪ್ಪು ಹೇಗಾಗುತ್ತದೆ, ಕಗ್ಗ ಹೇಗೆ ನಿಲ್ಲುತ್ತದೆ ಎಂದು ಬರೆದರೆ ನಮಗೂ ಹೆಮ್ಮೆ. ಆದರೆ ಯಾವ ದಂಡೆ, ಯಾವ ಮನೆಯ ಹಿಂದಿನ ಕಾಲುದಾರಿ ಎಂದು ಚುಕ್ಕಿ ಇಟ್ಟು ನಕ್ಷೆ ಹಂಚಬೇಡಿ. ಒಂದು ವಿಡಿಯೊ ನೋಡಿ ಒಂದೇ ಶನಿವಾರ ನೂರು ಕಾರು ಬಂದರೆ ಇಲ್ಲಿ ನಿಲ್ಲಿಸಲು ಜಾಗವಿಲ್ಲ, ಕಸ ಒಯ್ಯಲು ಗಾಡಿ ಸಾಲದು, ಬಾವಿಯಲ್ಲಿ ಅಷ್ಟು ನೀರಿಲ್ಲ. ಬೇಸಿಗೆಯಲ್ಲಿ ನಮ್ಮ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ. ಆಗ ಒಂದು ಕೊಡ ಸಿಹಿನೀರಿಗೆ ನಾವೇ ದೂರ ನಡೆಯುತ್ತೇವೆ. ನಿಮ್ಮ ನೀರಿನ ಬಾಟಲಿ ನೀವೇ ತನ್ನಿ, ತಂದದ್ದನ್ನು ತಿರುಗಿ ಒಯ್ಯಿರಿ. ಗಾಜು ತರಲೇಬೇಡಿ.

ಬರುವುದಾದರೆ ನವೆಂಬರಿನಿಂದ ಮಾರ್ಚಿನೊಳಗೆ ಬನ್ನಿ. ಆರೇಳು ಮಂದಿಗಿಂತ ದೊಡ್ಡ ಗುಂಪಾದರೆ ಎರಡು ಪಾಲಾಗಿ ಬೇರೆ ಬೇರೆ ದಿನ ಬನ್ನಿ. ಹೊರಡುವ ಹಿಂದಿನ ದಿನ ಊರಿನ ಯಾರನ್ನಾದರೂ, ನೀವು ಉಳಿದುಕೊಂಡ ಮನೆಯವರನ್ನೇ ಆಗಲಿ, ಭರತ–ಇಳಿತದ ಹೊತ್ತು ಕೇಳಿಟ್ಟುಕೊಳ್ಳಿ. ಇಳಿತಕ್ಕೆ ದಿಬ್ಬ ನೋಡಬಹುದು, ಭರತಕ್ಕೆ ತಾರಿ ದಾಟಬಹುದು. ಗೋಕರ್ಣದಲ್ಲಿ ತದಡಿಯ ಬಸ್ಸು ಹತ್ತಿ ಸಾಣಿಕಟ್ಟಾದಲ್ಲಿ ಇಳಿಯಿರಿ. ಅಲ್ಲಿಂದ ಮುಂದೆ ದಾರಿಯನ್ನು ಫೋನಿಗೆ ಕೇಳದೆ ಎದುರು ಬಂದವರಿಗೆ ಕೇಳಿ.

ಇಂತಿ ನಿಮ್ಮ ಹಿತೈಷಿ,

ಅಘನಾಶಿನಿ ದಡದ ಒಬ್ಬ ನಿವೃತ್ತ ಶಿಕ್ಷಕಿ
ತದಡಿ ಕಡೆ, ಕುಮಟಾ ತಾಲ್ಲೂಕು, ಉತ್ತರ ಕನ್ನಡ